ಸೋಯಾಬೀನ್ ಬೇರಾಗ ಗಂಟು ಕಟ್ಟ್ಯಾವೇನ್ರಿ?

ಪ್ರಶ್ನೆ: ನಮ್ದು ಯಲಬುರ್ಗಾ ಕಡೆ, ಎರಿ ಹೊಲ. ಮೊದ್ಲಿಂದ ತೊಗರಿ, ಹೆಸ್ರು ಹಾಕೋರು, ಹೋದ ಮುಂಗಾರಿಗೆ ಬೀದರ್‌ನ ಬೀಗರ ಮಾತು ಕೇಳಿ ಸೋಯಾಬೀನ್ ಹಾಕಿದ್ವಿ. ಗಿಡ ಹಳದಿ ಬಿತ್ತು, ಎರಡು ಸಲ ಯೂರಿಯಾ ಉಗ್ಗಿದ್ರೂ ಇಳುವರಿ ಅಷ್ಟಕ್ಕಷ್ಟೇ. ಈಗ ಅಂಗಡ್ಯಾಗ 'ಮೈಕ್ರೋಬಯೋಮ್' ಅಂತ ಬರ್ದಿರೋ ಬಾಟ್ಲಿ ತೋರಿಸ್ತಾರ. ತಗೊಳ್ಳೋದಾ ಬ್ಯಾಡಾ?
– ಒಬ್ಬ ರೈತ, ಕೊಪ್ಪಳ ಜಿಲ್ಲೆ

ಉತ್ತರ: ಅಣ್ಣಾರ, ಬಾಟ್ಲಿ ಮಾತು ಆಮ್ಯಾಲೆ, ಹೋದ ವರ್ಷ ಒಂದು ಗಿಡನಾದ್ರೂ ಕಿತ್ತು ಬೇರು ನೋಡಿದ್ರೇನು? ಎಳೆ ಎಲೆ ಹಳದಿ ಆಗಿ ನರ ಹಸಿರು ಇದ್ರ ಅದು ಕಬ್ಬಿಣದ ಕೊರತೆ, ಎರಿ ಭೂಮ್ಯಾಗ ಸಾಮಾನ್ಯ. ಕೆಳಗಿನ ಹಳೇ ಎಲೆ ಹಳದಿ ಬಿದ್ದಿದ್ರ ಸಾರಜನಕದ್ದು, ನಿಮ್ದು ಅದೇ ಇರ್ಬೇಕು ಅನಸ್ತದ.

ಸೋಯಾ ಕಾಳಿನಾಗ ನೂರಕ್ಕ 40ರಷ್ಟು ಪ್ರೋಟೀನ್, ಅಂದ್ರ ಒಂದು ಕ್ವಿಂಟಲ್ ಕಾಳಿನ ಜೋಡಿ ಸುಮಾರು 6 ಕೆಜಿ ಸಾರಜನಕ ಹೊಲ ಬಿಟ್ಟು ಹೋಗ್ತದ, 3 ಕ್ವಿಂಟಲ್‌ಗೆ ಹೆಚ್ಚು ಕಡಿಮೆ ಒಂದು ಚೀಲ ಯೂರಿಯಾದ ಲೆಕ್ಕ. ಇದರಾಗ ದೊಡ್ಡ ಪಾಲನ್ನ ಗಾಳಿಯಿಂದ ಹಿಡಿದು ಕೊಡೋದು ಬೇರಿನ ಗಂಟಿನಾಗಿರೋ ಬ್ರಾಡಿರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ. ತೊಗರಿ ಬೆಳ್ದ ಹೊಲದಾಗ ರೈಜೋಬಿಯಂ (ಇಂಥಾ ಗಂಟಿನ ಬ್ಯಾಕ್ಟೀರಿಯಾಕ್ಕ ವಾಡಿಕಿ ಹೆಸ್ರು) ಇದ್ದೇ ಇರ್ತದ ಅಂತೀರಿ, ಖರೆ, ಆದ್ರ ಅವು ಸೋಯಾಕ್ಕ ಸರಿಯಾಗಿ ಹೊಂದಂಗಿಲ್ಲ. ಬ್ರೆಜಿಲ್‌ನಾಗೂ ಹಿಂಗ, ಅಲ್ಲಿನ ಮಣ್ಣಾಗ ಸೋಯಾದ ಬ್ಯಾಕ್ಟೀರಿಯಾ ಇರ್ಲಿಲ್ಲ, ಹೊರಗಿಂದ ತಂದು, ಒಳ್ಳೇವನ್ನ ಆರಿಸಿ, ಬೀಜಕ್ಕ ಹಚ್ಚಿದ್ರು, ಈಗ ಯೂರಿಯಾ ಹೆಚ್ಚು ಕಡಿಮೆ ಇಲ್ದಂಗ ಬೆಳೀತಾರ. ಈ ಕೆಲಸಕ್ಕ ಅಲ್ಲಿನ ವಿಜ್ಞಾನಿ ಮರಿಯಾಂಜೆಲಾ ಹಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂತು.

ಹಂಗಾಗಿ ರಾಯಚೂರು ಕೃಷಿ ವಿವಿಯಾಗ ವಿಚಾರಿಸ್ರಿ, ಸೋಯಾಬೀನ್‌ದೇ ರೈಜೋಬಿಯಂ ಅಂತ ಬಾಯಿಬಿಟ್ಟು ಕೇಳ್ರಿ, ಇಲ್ಲಾಂದ್ರ ತೊಗರಿದು ಕೊಟ್ಟಾರು. ಬೆಲ್ಲದ ನೀರು ಕಾಸಿ, ಪೂರ್ತಿ ಆರಿಸಿ (ಬಿಸಿ ಇದ್ರ ಜೀವಾಣು ಅಲ್ಲೇ ಸಾಯ್ತಾವ), ಅದರಾಗ ರೈಜೋಬಿಯಂ ಕಲಸಿ, ಬೀಜಕ್ಕ ಹಚ್ಚಿ ನೆರಳಾಗ ಒಣಗ್ಸಿ ಅವತ್ತೇ ಬಿತ್ರಿ. ಶಿಲೀಂಧ್ರದ ಔಷಧಿ ಹಚ್ಚೋದಿದ್ರ ಮೊದ್ಲು ಅದು. ಯೂರಿಯಾ ಜಾಸ್ತಿ ಉಗ್ಗಿದ್ರ ಗಿಡ ಗಂಟು ಕಟ್ಟೋದೇ ಬಿಡ್ತದ, ಪುಕ್ಕಟೆ ಊಟ ಸಿಕ್ರ ಯಾರು ಅಡಿಗಿ ಮಾಡ್ತಾರ!

40-45 ದಿನಕ್ಕ ಸಲಿಕಿ ಹಾಕಿ ಒಂದು ಗಿಡ ಎಬ್ಬಿಸ್ರಿ, ಎಳದ್ರ ಗಂಟು ಮಣ್ಣಾಗ ಉಳೀತಾವ. ಉಗುರಿಂದ ಗಂಟು ಒಡೀರಿ, ಒಳಗ ಮಾಂಸದಂಗ ನಸುಗೆಂಪು ಇದ್ರ ಕೆಲಸ ನಡೆದೈತಿ. ಬೆಳ್ಳಗೋ ಹಸಿರೋ ಇದ್ರ ಇಲ್ಲ.

ಇನ್ನ ಬಾಟ್ಲಿ. ಮೈಕ್ರೋಬಯೋಮ್ ಅಂದ್ರ ಬೇರಿನ ಸುತ್ತ ಇರೋ ಸಾವಿರಾರು ಜಾತಿ ಸೂಕ್ಷ್ಮಜೀವಿ, ಅವುಗಳ ಡಿಎನ್ಎ ಓದಿ, ಯಾವುದರ ಜೋಡಿ ಯಾವುದು ಕೂಡಿ ಬಾಳ್ತದ ಅಂತ ಈಗ ಹುಡುಕಾಕತ್ಯಾರ, ಒಳ್ಳೇ ಕೆಲಸನ, ಆದ್ರ ಕುಂಡದಾಗ ಗೆದ್ದಿದ್ದು ಎಷ್ಟೋ ಸಲ ಹೊಲದಾಗ ಸೋಲ್ತದ. ಮನಸು ತಡೀಲಿಲ್ಲಾಂದ್ರ 4 ಸಾಲಿಗೆ ಮಾತ್ರ ಹಾಕ್ರಿ, ಪಕ್ಕದ 4 ಸಾಲು ಹಂಗ ಬಿಡ್ರಿ, ರಾಶಿ ಮಾಡುವಾಗ ಎರಡೂ ಬ್ಯಾರೆ ಬ್ಯಾರೆ ತೂಗಿ ನಮಗೂ ಬರೀರಿ.