ಮನೆತನ ಒಂದು, ಪಟ್ಟ ಎರಡು

ಪ್ರಶ್ನೆ: ಮುಂಬೈಯ ಕೊಲಾಬಾದಲ್ಲಿ ಸಸೂನ್ ಡಾಕ್ ಕಟ್ಟಿಸಿದ ಸರ್ ಆಲ್ಬರ್ಟ್ ಸಸೂನ್, ಫೋರ್ಟಿನ ಯಹೂದಿ ಮಂದಿರ ಕಟ್ಟಿಸಿದ ಸರ್ ಜೇಕಬ್ ಸಸೂನ್ ಇಬ್ಬರಿಗೂ ‘ಬ್ಯಾರನೆಟ್’ ಎಂಬ ವಂಶಪಾರಂಪರ್ಯದ ಬಿರುದಿತ್ತಂತೆ. ಆಲ್ಬರ್ಟರ ಬಿರುದೇ ಜೇಕಬರಿಗೆ ಬಂತೇ? ಪುಣೆಯ ಸಸೂನ್ ಆಸ್ಪತ್ರೆ ಇವರಲ್ಲಿ ಯಾರು ಕೊಟ್ಟದ್ದು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬರಲಿಲ್ಲ. ಬಾಗ್ದಾದಿನಿಂದ ಬಂದು ಮುಂಬೈಯಲ್ಲಿ ವ್ಯಾಪಾರ ಬೆಳೆಸಿದ ಡೇವಿಡ್ ಸಸೂನರ ಮಗ ಆಲ್ಬರ್ಟ್. ಇನ್ನೊಬ್ಬ ಮಗ ಇಲಿಯಾಸ್ 1867ರಲ್ಲಿ ಬೇರೆಯೇ ಕಂಪನಿ ತೆರೆದರು. ಅವರ ಮಗ ಜೇಕಬ್. ಅಂದರೆ ಆಲ್ಬರ್ಟ್ ಅವರಿಗೆ ದೊಡ್ಡಪ್ಪ. 1890ರಲ್ಲಿ ಆಲ್ಬರ್ಟರಿಗೆ ಸಿಕ್ಕಿದ್ದು ‘ಕೆನ್ಸಿಂಗ್ಟನ್ ಗೋರ್’ ಎಂಬ ಲಂಡನ್ ಬೀದಿಯ ಹೆಸರು ಹೊತ್ತ ಬ್ಯಾರನೆಟ್ ಪಟ್ಟ. ಅವರ ಮನೆ ಅಲ್ಲಿತ್ತು. 1909ರಲ್ಲಿ ಜೇಕಬರಿಗೆ ಸಿಕ್ಕಿದ್ದು ‘ಬಾಂಬೆ’ಯ ಪಟ್ಟ. ಹೆಸರಿಗೆ ಅಂಟಿದ ಆ ಊರನ್ನು ಬಿಟ್ಟು ಓದಿದರೆ ಎರಡೂ ಒಂದೇ ಎನಿಸುತ್ತದೆ.

‘ಸರ್’ ಎಂದ ಮಾತ್ರಕ್ಕೆ ವಂಶಪಾರಂಪರ್ಯವೂ ಅಲ್ಲ. ನೈಟ್ ಆದವರಿಗೂ ‘ಸರ್’ ಎನ್ನುತ್ತಾರೆ, ಆದರೆ ಆ ಬಿರುದು ಪಡೆದವರೊಂದಿಗೇ ಮುಗಿಯುತ್ತದೆ. ಬ್ಯಾರನೆಟ್ ಪಟ್ಟ ಮಾತ್ರ ಮಗನಿಗೆ, ಮೊಮ್ಮಗನಿಗೆ ಇಳಿಯುತ್ತದೆ. ಅಳಿಯಸಂತಾನದ ಮನೆಗಳಿಂದ ಮುಂಬೈಗೆ ಬಂದ ನಮ್ಮಲ್ಲಿ ಅನೇಕರಿಗೆ ಈ ಕಟ್ಟು ವಿಚಿತ್ರವೆನಿಸಬಹುದು: ಮಗಳಿಗಿಲ್ಲ, ಸೋದರಳಿಯನಿಗಿಲ್ಲ, ಸಾಮಾನ್ಯವಾಗಿ ಮೊದಲು ಪಟ್ಟ ಪಡೆದವರ ತಮ್ಮನಿಗೂ ಇಲ್ಲ. ಜೇಕಬರ ವಿಷಯದಲ್ಲಿ ಹಾಗಾಗಲಿಲ್ಲ. ಗಂಡುಸಂತಾನವಿಲ್ಲದಿದ್ದರೆ ತಮ್ಮ ಎಡ್ವರ್ಡರಿಗೆ ಹೋಗಬೇಕೆಂದು ಸನ್ನದಿನಲ್ಲೇ ಬರೆದಿತ್ತು. 1916ರಲ್ಲಿ ಜೇಕಬ್ ತೀರಿಕೊಂಡಾಗ ಹಾಗೆಯೇ ಆಯಿತು. ಎಡ್ವರ್ಡರ ನಂತರ ಮಗ ವಿಕ್ಟರ್. 1961ರಲ್ಲಿ ಅವರೊಂದಿಗೆ ಆ ಪಟ್ಟ ಅಳಿಯಿತು. ಆಲ್ಬರ್ಟರ ಸಾಲಿನಲ್ಲೂ ಎರಡನೆಯವರ ಹೆಸರು ಎಡ್ವರ್ಡ್ ಎಂದೇ, ಅವರು ಆಲ್ಬರ್ಟರ ಮಗ! ಈ ಎಡ್ವರ್ಡರ ಮಗ ಫಿಲಿಪ್ ಅವಿವಾಹಿತರಾಗಿ 1939ರಲ್ಲಿ ತೀರಿಕೊಂಡಾಗ ಅದೂ ಮುಗಿಯಿತು. ಹಳೆಯ ಕಾಗದದಲ್ಲಿ ‘ಸರ್ ಎಡ್ವರ್ಡ್ ಸಸೂನ್’ ಎಂದಷ್ಟೇ ಇದ್ದರೆ ತಂದೆಯ ಹೆಸರು ನೋಡಲೇಬೇಕು. ಫೋರ್ಟಿನ ಕಚೇರಿಯಲ್ಲಿ ಟ್ರಸ್ಟ್‌ಗಳ ದಾಖಲೆ ನೋಡಿಕೊಳ್ಳುತ್ತಿದ್ದ ದಿನಗಳಿಂದ ನಾನು ಇದನ್ನು ಕಿರಿಯರಿಗೆ ಹೇಳುತ್ತಲೇ ಬಂದಿದ್ದೇನೆ.

ಮುಂಬೈಯ ಜೆ.ಜೆ. ಆಸ್ಪತ್ರೆಗೆ ಹೆಸರು ಕೊಟ್ಟ ಜೀಜೀಭಾಯ್ ಮನೆತನದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಪಟ್ಟ ಒಂದೇ, 1857ರದ್ದು. ಆದರೆ 1860ರ ವಿಶೇಷ ಕಾನೂನಿನ ಪ್ರಕಾರ ಅದಕ್ಕೆ ಬಂದ ಪ್ರತಿಯೊಬ್ಬ ವಾರಸುದಾರನೂ ತನ್ನ ಹೆಸರು ಬಿಟ್ಟು ಜಮ್ಸೆಟ್‌ಜೀ ಜೀಜೀಭಾಯ್ ಎಂದೇ ಕರೆಸಿಕೊಳ್ಳಬೇಕು. ಆದ್ದರಿಂದ ಇಸವಿ ನೋಡದೆ ಆ ಹೆಸರಿನವರ ದಾನವನ್ನು ಯಾರ ಲೆಕ್ಕಕ್ಕೂ ಹಾಕಬಾರದು. ಆಸ್ಪತ್ರೆಗೆ ಹಣ ಕೊಟ್ಟವರು 1859ರಲ್ಲಿ ತೀರಿಕೊಂಡ ಮೊದಲನೆಯವರು.

ಇನ್ನು ಪುಣೆಯ ಆಸ್ಪತ್ರೆ. 1867ರಲ್ಲಿ ತೆರೆದ ಅದಕ್ಕೆ ದಾನ ಕೊಟ್ಟವರು ನೀವು ಕೇಳಿದ ಇಬ್ಬರೂ ಅಲ್ಲ, ಹಿರಿಯರಾದ ಡೇವಿಡ್. ಅವರ ಸಮಾಧಿಯೂ ಪುಣೆಯಲ್ಲೇ, ಲಾಲ್ ದೇವಳ ಎಂದು ಕರೆಯುವ ಯಹೂದಿ ಮಂದಿರದ ಆವರಣದಲ್ಲಿದೆ. ಅವರಿಗೆ ಯಾವ ಪಟ್ಟವೂ ಇರಲಿಲ್ಲ. ನಮ್ಮ ಸಂಘಗಳ ಸ್ಮರಣಸಂಚಿಕೆಗಳಲ್ಲಿ ‘ಸರ್ ಡೇವಿಡ್’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸೋಣ.