ಕೇಳಿ, ಹೇಳುತ್ತೇವೆ: ಕೊನೆಯ ಇನ್ನಿಂಗ್ಸಿಗೆ ಬರುವ ಪಿಚರ್

ಹಾಸನ ಜಿಲ್ಲೆಯ ಓದುಗರು ಬೇಸ್‌ಬಾಲ್ ಬಗ್ಗೆ, ಅದರಲ್ಲೂ ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಕ್ರೀಡಾ ವಿಭಾಗದ ಉತ್ತರ.

ಪ್ರ: ಒಂಬತ್ತನೇ ಇನ್ನಿಂಗ್ಸಿಗೆ ಬಂದವನು ಹದಿನೈದು ಚೆಂಡು ಎಸೆದ, ಅವನ ಹೆಸರಿಗೆ ‘ಸೇವ್’ ಬರೆದರು. ಇಷ್ಟಕ್ಕೇ ಒಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆಯೇ? — ಓದುಗರು, ಹಾಸನ

ಉ: ಹದಿನೈದು ಎಂಬುದು ಸ್ಕೋರ್‌ಕಾರ್ಡಿನ ಲೆಕ್ಕ. ಮೈದಾನಕ್ಕಿಳಿಯುವ ಮೊದಲು ಬುಲ್‌ಪೆನ್ನಿನಲ್ಲಿ (ಪಿಚರ್‌ಗಳು ಅಭ್ಯಾಸಕ್ಕೆ ಎಸೆಯುವ ಜಾಗ) ಇಪ್ಪತ್ತರ ಆಸುಪಾಸು ಎಸೆದು ತೋಳು ಬಿಸಿ ಮಾಡಿಕೊಂಡಿರುತ್ತಾನೆ. ಎಷ್ಟೋ ದಿನ ಬಿಸಿಯಾಗಿ ನಿಂತರೂ ಕರೆ ಬರುವುದಿಲ್ಲ. ಆ ಎಸೆತಗಳು ಎಲ್ಲೂ ದಾಖಲಾಗುವುದಿಲ್ಲ, ತೋಳಿಗೆ ಮಾತ್ರ ಗೊತ್ತು. ಅಮೆರಿಕದ ಮೇಜರ್ ಲೀಗ್‌ನ 162 ಪಂದ್ಯಗಳ ಋತುವಿನಲ್ಲಿ ಅವನು ಅರವತ್ತು ಎಪ್ಪತ್ತು ಸಲ ಮೈದಾನಕ್ಕಿಳಿಯುತ್ತಾನೆ.

ಸೇವ್ ಎಂದರೆ ಮುನ್ನಡೆ ಕಾಪಾಡಿದ್ದಕ್ಕೆ ಸಿಗುವ ಅಂಕಿ. ಅದು ಸಿಗಬೇಕಾದರೆ ತಂಡ ಗೆಲ್ಲಬೇಕು, ಪಂದ್ಯ ಮುಗಿಯುವಾಗ ಅವನೇ ಎಸೆಯುತ್ತಿರಬೇಕು, ‘ಗೆದ್ದ ಪಿಚರ್’ ಎಂದು ಅವನ ಹೆಸರೇ ದಾಖಲಾಗಿರಬಾರದು. ಜೊತೆಗೆ ಮೂರರಲ್ಲಿ ಒಂದು ಷರತ್ತು: ಮುನ್ನಡೆ 3 ರನ್ ಮೀರದಿದ್ದಾಗ ಬಂದು ಕನಿಷ್ಠ ಒಂದು ಇನ್ನಿಂಗ್ಸ್ ಎಸೆಯುವುದು, ಸ್ಕೋರ್ ಸಮ ಮಾಡಬಲ್ಲ ಆಟಗಾರ ಬೇಸ್‌ನಲ್ಲೋ, ಬ್ಯಾಟಿಂಗ್‌ನಲ್ಲೋ, ಮುಂದಿನ ಸರದಿಯಲ್ಲೋ ಇದ್ದಾಗ ಬರುವುದು, ಇಲ್ಲವೇ ಕೊನೆಯ ಮೂರು ಇನ್ನಿಂಗ್ಸ್ ಚೆನ್ನಾಗಿ ಎಸೆಯುವುದು. ಇದು ಅಧಿಕೃತ ಅಂಕಿಯಾದದ್ದು 1969ರಲ್ಲಿ. ಅತಿ ಹೆಚ್ಚು ಸೇವ್‌ಗಳ ದಾಖಲೆ ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೇರಾ ಹೆಸರಿನಲ್ಲಿದೆ: 652. ಆತನೂ 1995ರಲ್ಲಿ ಆರಂಭಿಕ ಪಿಚರ್ ಆಗಿಯೇ ಬಂದವನು. ಕ್ಲೋಸರ್, ಅಂದರೆ ಕೊನೆಯ ಇನ್ನಿಂಗ್ಸಿನ ಪಿಚರ್ ಆದದ್ದು 1997ರಲ್ಲಿ. ಆರಂಭಿಕನ ನಂತರ ಬರುವ ಹೆಚ್ಚಿನ ರಿಲೀಫ್ ಪಿಚರ್‌ಗಳ (ರಿಲೀವರ್‌ಗಳ) ದಾರಿಯೂ ಹೀಗೆಯೇ.

ಇಆರ್‌ಎ (ಪಿಚರ್‌ನ ಲೆಕ್ಕಕ್ಕೆ ಬಂದ ರನ್‌ಗಳ ಒಂಬತ್ತು ಇನ್ನಿಂಗ್ಸಿನ ಸರಾಸರಿ) ನೋಡಿ ರಿಲೀವರ್‌ನನ್ನು ಅಳೆಯಬೇಡಿ. 60 ಇನ್ನಿಂಗ್ಸಿನಲ್ಲಿ 20 ರನ್ ಕೊಟ್ಟರೆ 3.00. ಒಂದೇ ಒಂದು ಕೆಟ್ಟ ಸಂಜೆ ಇನ್ನೈದು ರನ್ ಹೋದರೆ 3.75. ಅತ್ತ, ಹಿಂದಿನವನು ಬೇಸ್‌ನಲ್ಲಿ ಬಿಟ್ಟುಹೋದ ಓಟಗಾರರನ್ನು ಇವನು ಒಳಗೆ ಬಿಟ್ಟರೆ ಆ ರನ್ ಹಿಂದಿನವನ ತಲೆಗೆ. ಕೆಲಸ ಕೆಡಿಸಿದವನ ಅಂಕಿ ಹೊಳೆಯುತ್ತಲೇ ಇರುತ್ತದೆ!

ಪ್ರ: ನಾನು ತಾಲ್ಲೂಕು ಮಟ್ಟದಲ್ಲಿ ವೇಗದ ಬೌಲರ್. ಪಿಚರ್ ಆಗಬಹುದೇ? — ಪಿಯು ವಿದ್ಯಾರ್ಥಿ, ಅರಸೀಕೆರೆ

ಉ: ಬೌಲಿಂಗ್ ಪಕ್ಕಕ್ಕಿಡಿ, ಬೌಂಡರಿಯಿಂದ ಕೀಪರ್ ಕೈಗೆ ನಿಮ್ಮ ಥ್ರೋ ಹೇಗೆ ಬರುತ್ತದೆ ಹೇಳಿ. ಕ್ರಿಕೆಟ್ಟಿನಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ತಪ್ಪು. ಪಿಚರ್‌ನ ವೇಗ ಹುಟ್ಟುವುದರಲ್ಲಿ ಆ ಮಡಿಸಿ ಬಿಡಿಸುವ ಮೊಣಕೈಗೆ ದೊಡ್ಡ ಪಾಲು. ಓಟವೂ ಇಲ್ಲ, ಹಿಂಗಾಲು ರಬ್ಬರ್ ಪಟ್ಟಿಗೆ ತಾಗಿಯೇ ಇರಬೇಕು. ಭಾರತದಲ್ಲಿ ನಡೆದ 2008ರ ಟಿವಿ ಸ್ಪರ್ಧೆಯಿಂದ ಆಯ್ಕೆಯಾಗಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಒಪ್ಪಂದ ಪಡೆದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೌಲರ್‌ಗಳಲ್ಲ. ಎಡಗೈ ರಿಲೀವರ್ ಆಗಿ ಮುಂದುವರಿದ ರಿಂಕು ಕೂಡ ಕೆಳ ಲೀಗ್‌ಗಳನ್ನು ದಾಟಲಿಲ್ಲ.

ಚೆಂಡು 142–149 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಹಗುರ. ರಬ್ಬರ್ ಪಟ್ಟಿಯಿಂದ ಬ್ಯಾಟರ್ ಬಳಿಯ ಪ್ಲೇಟ್‌ವರೆಗೆ ದೂರ 18.44 ಮೀಟರ್. ಪುಟಿಯುವಂತಿಲ್ಲ. ಎರಡು ಕೋಲುಗಳನ್ನು 43 ಸೆಂ.ಮೀ. ಅಂತರದಲ್ಲಿ ನೆಟ್ಟು, ಮೊಣಕಾಲಿನ ಮಟ್ಟಕ್ಕೊಂದು, ಎದೆಯ ನಡುಮಟ್ಟಕ್ಕೊಂದು ದಾರ ಕಟ್ಟಿ. ಪೂರ್ಣ ವೇಗದಲ್ಲಿ 20 ಎಸೆದು, 12 ಆ ಚೌಕದೊಳಗೆ ಹೋದರೆ ಮುಂದಿನ ಮಾತು. ವೇಗವಿದ್ದೂ ಆರೇ ಹೋದರೆ ಯಾವ ಕೋಚ್ ಕೂಡ ಎಂಟನೇ ಇನ್ನಿಂಗ್ಸನ್ನು ನಿಮ್ಮ ಕೈಗೆ ಕೊಡುವುದಿಲ್ಲ. ರಿಲೀವರ್‌ಗೆ ಎಸೆತಗಳ ಬಗೆ ಎರಡಿದ್ದರೆ ಸಾಕು, ನೇರ ವೇಗದ್ದೊಂದು, ತಿರುಗುವುದೊಂದು. ಆರಂಭಿಕನನ್ನು ಅದೇ ಬ್ಯಾಟರ್ ಎರಡು ಮೂರು ಸಲ ಎದುರಿಸುತ್ತಾನೆ, ಅವನಿಗೆ ಇನ್ನೂ ಹೆಚ್ಚು ಬೇಕು. ನಿಮ್ಮನ್ನು ಸಾಮಾನ್ಯವಾಗಿ ಒಂದೇ ಸಲ. ಒಬ್ಬನೇ ಬ್ಯಾಟರ್‌ಗಾಗಿ ಬಂದು ಹೋಗುವ ಕೆಲಸ ಈಗಿಲ್ಲ: 2020ರಿಂದ ಕನಿಷ್ಠ ಮೂವರಿಗೆ ಎಸೆಯಬೇಕು, ಅಥವಾ ಆ ಅರ್ಧ ಇನ್ನಿಂಗ್ಸ್ ಮುಗಿಸಬೇಕು.

ದುಡ್ಡಿನ ವಿಷಯ ಚಿಕ್ಕದಾಗಿ: ಮೇಜರ್ ಲೀಗ್ ಕನಿಷ್ಠ ಸಂಬಳ 2025ರಲ್ಲಿ 7,60,000 ಡಾಲರ್, ಆದರೆ ತಂಡದ ಪಟ್ಟಿಯಲ್ಲಿ ಇದ್ದಷ್ಟು ದಿನಕ್ಕೆ ಮಾತ್ರ. ‘ಆಪ್ಷನ್’ (ಆಟಗಾರನನ್ನು ಕೆಳ ಲೀಗಿಗೆ ಕಳಿಸುವ ತಂಡದ ಹಕ್ಕು) ಬಾಕಿಯಿರುವ ಹೊಸಬನನ್ನು ಒಂದು ಋತುವಿನಲ್ಲಿ ಐದು ಸಲದವರೆಗೆ ಕೆಳ ಲೀಗಿಗೆ ಕಳಿಸಬಹುದು.

ಪ್ರ: ಮಗನಿಗೆ ಹದಿನಾರು. ಎಸೆದ ಮರುದಿನ ಮೊಣಕೈ ಒಳಬದಿ ನೋಯುತ್ತದೆ ಅನ್ನುತ್ತಾನೆ. — ಪೋಷಕರು, ಸಕಲೇಶಪುರ

ಉ: ಎಸೆಯುವುದನ್ನು ಇವತ್ತೇ ನಿಲ್ಲಿಸಿ. ಎಣ್ಣೆ ತಿಕ್ಕಿ, ಪಟ್ಟಿ ಸುತ್ತಿ ಮೈದಾನಕ್ಕೆ ಕಳಿಸಬೇಡಿ, ಮೂಳೆ ತಜ್ಞರಿಗೆ ತೋರಿಸಿ. ಒಳಬದಿಯ ಅಸ್ಥಿರಜ್ಜು ಹರಿದರೆ ‘ಟಾಮಿ ಜಾನ್’ ಶಸ್ತ್ರಚಿಕಿತ್ಸೆ (1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು), ಮತ್ತೆ ಪಂದ್ಯಕ್ಕೆ ಬರಲು ಒಂದರಿಂದ ಒಂದೂವರೆ ವರ್ಷ. ನೋವಿಗೂ ಮುಂಚೆ ಸೂಚನೆ ಸಿಗುತ್ತದೆ: ಚೆಂಡು ಗುರಿಗಿಂತ ಮೇಲೆ ಮೇಲೆ ಹೋಗುತ್ತದೆ, ವೇಗ ಇಳಿಯುತ್ತದೆ.

15–16ರ ವಯಸ್ಸಿಗೆ ಅಮೆರಿಕದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯ ಮಿತಿ ದಿನಕ್ಕೆ 95 ಎಸೆತ. ಮೂವತ್ತರವರೆಗೆ ಬಿಡುವು ಬೇಡ; 31–45ಕ್ಕೆ ಒಂದು ದಿನ, 46–60ಕ್ಕೆ ಎರಡು, 61–75ಕ್ಕೆ ಮೂರು, ಅದರ ಮೇಲೆ ನಾಲ್ಕು. ಸತತ ಮೂರು ದಿನ ಎಸೆಯುವಂತಿಲ್ಲ. ಅದೇ ದಿನ ನೆಟ್‌ನಲ್ಲಿ ಬೌಲಿಂಗ್ ಮಾಡಿದ್ದರೆ ಅದನ್ನೂ ಸೇರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ವರ್ಷಕ್ಕೆ ನಾಲ್ಕು ತಿಂಗಳು ಪಿಚಿಂಗ್ ಬಿಡಬೇಕು ಎಂದೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಹೇಗೂ ಮಳೆ ಬಿಡುವುದಿಲ್ಲ; ಆ ನಾಲ್ಕನ್ನೇ ತೋಳಿಗೆ ಕೊಟ್ಟುಬಿಡಿ, ಒಳಾಂಗಣದಲ್ಲಿ ಎಸೆಸಬೇಡಿ.

ಪ್ರ: ಶಾಲಾ ಮೈದಾನದಲ್ಲಿ ಮೌಂಡ್ ಕಟ್ಟುವುದು ಹೇಗೆ? — ದೈಹಿಕ ಶಿಕ್ಷಕರು, ಚನ್ನರಾಯಪಟ್ಟಣ

ಉ: ಪಿಚರ್ ನಿಂತು ಎಸೆಯುವ ಈ ದಿಬ್ಬದ ಎತ್ತರ 25 ಸೆಂ.ಮೀ., ಮೇಲೆ 61×15 ಸೆಂ.ಮೀ. ರಬ್ಬರ್ ಪಟ್ಟಿ. ಪಟ್ಟಿಯಿಂದ 15 ಸೆಂ.ಮೀ. ಮುಂದಕ್ಕೆ ಇಳಿಜಾರು ಶುರು, ಪ್ರತಿ ಅಡಿಗೆ ಒಂದು ಅಂಗುಲ. ಬರೀ ಕೆಮ್ಮಣ್ಣು ಹಾಕಿದರೆ ಮುಂಗಾಲು ಊರುವಲ್ಲಿ ಬೇಗನೆ ಗುಂಡಿ ಬೀಳುತ್ತದೆ, ಪಾದ ಹೊರಳುತ್ತದೆ. ಆ ಜಾಗಕ್ಕೆ ಮತ್ತು ಪಟ್ಟಿಯ ಮುಂದಕ್ಕೆ ಕೆರೆಗೋಡು ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಯಿರಿ. ಅಭ್ಯಾಸ ಮುಗಿದ ಮೇಲೆ ಪ್ರತಿಸಲ ಗುಂಡಿ ತುಂಬಿಸಿ ಟಾರ್ಪಾಲಿನ್ ಮುಚ್ಚಿ.