ಕಾಯುವವರ ನಾಳೆ

ಪ್ರಶ್ನೆ: ನಮ್ಮ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸರ್ಕಾರ ಜಮೀನು ಕೊಟ್ಟಿತು, ಅವರು ನೆಲೆ ನಿಂತರು. ಅಂಥ ನೆಲೆ ಸಿಗದೆ, ಬೇರೊಂದು ದೇಶ ಕರೆಸಿಕೊಂಡೀತೆಂದು ಶಿಬಿರದಲ್ಲೇ ಕಾಯುವ ನಿರಾಶ್ರಿತರು ಮುಂದಿನ ಬದುಕನ್ನು ಹೇಗೆ ಕಲ್ಪಿಸಿಕೊಳ್ಳುತ್ತಾರೆ?
– ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ಭೂತಾನಿನ ನೇಪಾಳಿ ಭಾಷಿಕರಾದ ಲೋತ್ಸಾಂಪಾ ಜನರ ಕಥೆಯನ್ನೇ ನೋಡಿ. 1985ರ ಪೌರತ್ವ ಕಾಯ್ದೆಯ ನಂತರ ನಡೆದ 1988ರ ಗಣತಿಯಲ್ಲಿ, ಮನೆತನ ಭೂತಾನಿನದೇ ಎನ್ನುವುದಕ್ಕೆ 1958ರ ಕಂದಾಯ ರಸೀತಿಯನ್ನು ಕೇಳಲಾಯಿತು. ಮುಂದೆ ಊರು ಬಿಡಬೇಕಾಗಿ ಬಂದು, ಭಾರತವನ್ನು ಹಾದು, ಲಕ್ಷದಷ್ಟು ಜನ ಪೂರ್ವ ನೇಪಾಳದ ಝಾಪಾ ಮತ್ತು ಮೋರಂಗ್ ಜಿಲ್ಲೆಗಳ ಶಿಬಿರಗಳನ್ನು ಸೇರಿದರು.

ಅಲ್ಲಿ ಒಂದೇ ಬಿದಿರು ಗುಡಿಸಿಲಿನೊಳಗೆ ಎರಡು ನಾಳೆಗಳಿದ್ದವು. ಹಳೆಯ ರಸೀತಿಯನ್ನು ಜೋಪಾನ ಮಾಡಿದ್ದ ಹಿರಿಯರಿಗೆ ನಾಳೆಯೆಂದರೆ ಬಿಟ್ಟುಬಂದ ಕಿತ್ತಳೆ, ಏಲಕ್ಕಿ ತೋಟ. ಶಿಬಿರದ ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮಕ್ಕಳು ಆ ತೋಟವನ್ನು ಕಂಡವರೇ ಅಲ್ಲ. 2003ರಲ್ಲಿ ಖುದುನಾಬಾರಿ ಶಿಬಿರದಲ್ಲಿ ಭೂತಾನ್ ಮತ್ತು ನೇಪಾಳ ಸರ್ಕಾರಗಳು ನಡೆಸಿದ ಜಂಟಿ ಪರಿಶೀಲನೆಯ ಫಲಿತಾಂಶ ಬಂದಾಗ ಬಹುಪಾಲು ಜನರನ್ನು ಸ್ವಇಚ್ಛೆಯಿಂದ ದೇಶ ಬಿಟ್ಟವರ ಪಟ್ಟಿಗೆ ಹಾಕಲಾಗಿತ್ತು. ಹಿರಿಯರ ನಾಳೆ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ಆದ್ದರಿಂದಲೇ 2007ರಲ್ಲಿ ‘ತೇಸ್ರೋ ದೇಶ್’, ಅಂದರೆ ಮೂರನೆಯ ದೇಶದ ಮಾತು ಬಂದಾಗ ಶಿಬಿರಗಳಲ್ಲಿ ಹೊಡೆದಾಟವೇ ಆಯಿತು: ಹೋಗಲು ಒಪ್ಪಿದರೆ ಭೂತಾನಿನ ಮೇಲಿನ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ ಎಂಬ ಭಯ ಸುಳ್ಳಿನದಾಗಿರಲಿಲ್ಲ.

ಅರ್ಜಿ ಹಾಕಿದ ಮೇಲಿನ ಕಾಯುವಿಕೆಯೇ ಬೇರೆ. ಅದನ್ನು ಕನಸು ಎನ್ನಲು ನನಗೆ ಮನಸ್ಸಿಲ್ಲ, ಲೆಕ್ಕಾಚಾರ ಎನ್ನುವುದೇ ಸರಿ. ಈ ಮಳೆಗಾಲಕ್ಕೆ ಮಾಡು ಹೊದಿಸಬೇಕೇ, ಹೋಗುವುದೇ ಆದರೆ ಆ ಖರ್ಚು ಯಾಕೆ? ಈಗ ಮದುವೆಯಾದರೆ ಮಗಳ ಅರ್ಜಿಯ ಕಡತ ಯಾವ ಮನೆಯ ಕಡತದ ಜೊತೆ ಸಾಗುತ್ತದೆ? ಶಿಬಿರಗಳ ಬಳಿಯ ದಮಕ್ ಪಟ್ಟಣದಲ್ಲಿ ಹೊರಡುವವರಿಗಾಗಿ ನಡೆಸುತ್ತಿದ್ದ ತರಬೇತಿಯಲ್ಲಿ ವಿಮಾನದ ಸೀಟಿನ ಪಟ್ಟಿ ಕಟ್ಟುವುದನ್ನು ಕಲಿಸುತ್ತಿದ್ದರು. ಅಮೆರಿಕಕ್ಕೆ ಹೊರಟವರು ಪ್ರಯಾಣದ ವೆಚ್ಚವನ್ನು ಸಾಲವೆಂದು ಅಲ್ಲಿ ದುಡಿದು ತೀರಿಸಬೇಕಿತ್ತು. ನಾಳೆಯ ಮೊದಲ ಖಚಿತ ಸಂಗತಿಯೇ ಸಾಲ!

ಎಂಟು ದೇಶಗಳಿಗೆ 1,10,000ಕ್ಕೂ ಹೆಚ್ಚು ಜನ ಹೋದರು, ಬಹುಪಾಲು ಅಮೆರಿಕಕ್ಕೆ. ಎಷ್ಟೋ ಹಿರಿಯರು ಮೊಮ್ಮಕ್ಕಳ ಓದಿಗಾಗಿ ಮಣಿದರು. ಮಣಿಯದವರು ಹಾಗೂ ನಿರಾಶ್ರಿತರ ಪಟ್ಟಿಗೆ ಹೆಸರು ಸೇರದೇ ಉಳಿದವರು ಸೇರಿ ಸಾವಿರಾರು ಜನ ಇಂದಿಗೂ ಬೇಲ್ಡಾಂಗಿ, ಪಥರಿ ಶಿಬಿರಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಕೇಳುತ್ತಿರುವುದು ಈಗಲೂ ಭೂತಾನಿಗೆ ಹಿಂತಿರುಗುವ ದಾರಿಯನ್ನೇ.